ಬಾಬಾ ಇನ್ನೂ ಉಂಡಿಲ್ಲ

ನನ್ನ ಅಣ್ಣ ಉತ್ತಮ್ ಸಿಂಗ್ ಬೇಡಿ ಜೀವಮಾನದಲ್ಲಿ ಮಾಡಿದ ಘನಕಾರ್ಯ ಒಂದೇ: ಬೇಡಿಗಳ ಮನೆಯಲ್ಲಿ ಹುಟ್ಟಿದ್ದು. ಅದರಲ್ಲೂ ಕಷ್ಟಪಟ್ಟವಳು ನಮ್ಮಮ್ಮ. ಗುರು ನಾನಕ್ ಬಾಬಾ ಹುಟ್ಟಿದ ಕುಲ ನಮ್ಮದು ಎಂಬ ಒಂದೇ ಕಾರಣಕ್ಕೆ ರಾವಿ ನದಿ ದಂಡೆಯ ನಮ್ಮೂರಿನ ಜನ ಇವನ ಕಾಲು ಮುಟ್ಟುತ್ತಾರೆ. ಅವರು ಬಗ್ಗುವ ಮೊದಲೇ ಇವನ ಕಾಲು ಮುಂದೆ ಬಂದಿರುತ್ತದೆ.

ಪ್ರತಿವರ್ಷ ಬಾಬಾ ಹುಟ್ಟಿದ ದಿನ ಗುರುದ್ವಾರದಲ್ಲಿ ಕಥೆ ಹೇಳುವವನೂ ಇವನೇ. ಬಾಬಾನ ತಂದೆ, ಕಾಲೂ ಎಂಬವರು, ಊರಿನ ಶಾನುಭೋಗರು ಎನ್ನುವಾಗ ತಾನೇ ಆ ತಂದೆ ಎನ್ನುವಂತೆ ಗಡ್ಡ ನೀವುತ್ತಾನೆ. ತಾಯಿ ತೃಪ್ತಾಗೆ ಎರಡು ಮಾತು. ತಮ್ಮನ ದೊಡ್ಡತನವನ್ನು ಎಲ್ಲರಿಗಿಂತ ಮೊದಲು ಕಂಡ ಅಕ್ಕ ನಾನಕಿಗೆ ಒಂದೇ ಮಾತು. ಕೇಳುತ್ತಾ ಕೂತ ನನಗೆ ಮೈ ಉರಿಯುತ್ತದೆ. ಕೊನೆಗೆ, ಬಾಬಾ ಸಾಹುಕಾರನ ಔತಣ ಬಿಟ್ಟು ಬಡಗಿ ಲಾಲೋ ಮನೆಯ ಒಣರೊಟ್ಟಿ ಉಂಡ ಕಥೆ. ಅಲ್ಲಿಗೆ ಬಂದಾಗ ಅಳುತ್ತಾನೆ. ಮೂವತ್ತು ವರ್ಷದಿಂದ ಅದೇ ಜಾಗ, ಅದೇ ಅಳು.

ಇಂಥವನ ಮಗಳು ಸತ್ವಂತ್ ಒಪ್ಪಿದ್ದು ಬಡಗಿ ಹುಡುಗ ಮೆಹರ್‌ನನ್ನು! ಹೆಣ್ಣು ಕೇಳಲು ಬಂದ ಅವನ ತಾಯಿ ಬಸಂತ್ ಕೌರ್ ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ ತಂದಿದ್ದಳು. ಅವಳ ಬೆನ್ನು ಮರೆಯಾಗುವ ಮೊದಲೇ ಅಣ್ಣ ಅದನ್ನು ಎಮ್ಮೆಗೆ ಹಾಕಿದ.

"ಬೇಡಿ ಮನೆ ಹುಡುಗಿ ಗರಗಸ ಹಿಡಿಯೋರ ಮನೆಗಾ? ನಾನು ಸತ್ತ ಮೇಲೆ ನೋಡ್ಕೊಳ್ಳಿ."

"ಬಾಬಾ ಉಂಡಿದ್ದು ಯಾರ ಮನೇಲಣ್ಣಾ?" ಎಂದೆ.

"ಅದು ಕಥೆ ಕಣೇ! ನಿನಗೇನು ತಿಳಿಯುತ್ತೆ, ಬಾಯ್ಮುಚ್ಚು."

ಓಡಿಹೋಗಿ ಮದುವೆಯಾಗು, ನಾನಿದ್ದೇನೆ ಎಂದು ಸತ್ವಂತ್‌ಗೆ ಹೇಳಿದೆ. ಅವಳು ಕೇಳಲಿಲ್ಲ. ನಮ್ಮಲ್ಲಿ ವರನ ಶಾಲಿನ ಸೆರಗನ್ನು ವಧುವಿನ ಕೈಗೆ ಇಡುವವನು ತಂದೆ. ಅದನ್ನು ಹಿಡಿದೇ ಅವಳು ಗ್ರಂಥ ಸಾಹಿಬ್‌ಗೆ ನಾಲ್ಕು ಸುತ್ತು ಬರಬೇಕು.

"ಅಪ್ಪನೇ ಸೆರಗು ಕೊಡ್ಲಿ ಅತ್ತೆ. ಓಡಿಹೋಗೋಕೆ ನಾನೇನು ಕದ್ದಿದೀನಾ? ಕೊಡದಿದ್ರೆ ಹೀಗೇ ಇರ್ತೀನಿ."

ಒಂದು ವರ್ಷ ಹಾಗೇ ಇದ್ದಳು. ಹುಡುಗಿ ಬಡವಾದಳು. ಅಣ್ಣ ಮಾತ್ರ ತುಪ್ಪ ಸುರಿದುಕೊಂಡು ಉಂಡ.

ಮತ್ತೆ ಬಾಬಾ ಹುಟ್ಟಿದ ದಿನ ಬಂತು. ತಂದೆ ಕಾಲೂ ಆಯಿತು, ತಾಯಿ ತೃಪ್ತಾ ಆಯಿತು. ಕಥೆ ಸಾಹುಕಾರನ ಬಾಗಿಲಿಗೆ ಬಂದಾಗ ಅಣ್ಣನ ಕಣ್ಣು ಹೆಂಗಸರ ಸಾಲಿನಲ್ಲಿ ಕೂತಿದ್ದ ಬಸಂತ್ ಕೌರ್ ಮೇಲೆ ಬಿತ್ತು. ಗಂಟಲು ಕೆರೆದುಕೊಂಡ. "ಔತಣ ಬೇಡ ಅಂದ್ರು ಬಾಬಾ. ಅಲ್ಲಿಂದ ಮುಂದಿನ ಊರಿಗೆ ಹೊರಟ್ರು…"

ಸತ್ವಂತ್ ಎದ್ದು ನಿಂತಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು, "ಅಪ್ಪಾ, ಬಾಬಾ ಇನ್ನೂ ಉಂಡಿಲ್ಲ."



"ಹೊತ್ತಾಯ್ತು ಕೂತ್ಕೋ," ಎಂದ ಅಣ್ಣ.

"ಹಸಿದೋರನ್ನ ಹಾಗೇ ಕಳಿಸ್ತೀರಾ ಬೇಡಿಯವರೇ?" ಹಿಂದಿನಿಂದ ಒಬ್ಬ ಮುದುಕ ಕೂಗಿದ. "ಉಣ್ಣಿಸಿ, ಉಣ್ಣಿಸಿ!" ಎಂದು ಎಲ್ಲರೂ ದನಿಗೂಡಿಸಿದರು. ಅಣ್ಣ ನೆಲ ನೋಡುತ್ತಾ, "ಬಡಗಿ ಮನೇಲಿ ಉಂಡ್ರು," ಎಂದು ಗೊಣಗಿದ. ಆ ವರ್ಷ ಅಳು ಬರಲಿಲ್ಲ.

ಆಮೇಲೆ ಲಂಗರ್, ಅಂದರೆ ಊರೆಲ್ಲ ಒಟ್ಟಿಗೆ ನೆಲದ ಮೇಲೆ ಕೂತು ಉಣ್ಣುವ ಗುರುದ್ವಾರದ ಊಟ. ಆ ಸಾಲಿನಲ್ಲಿ ರೊಟ್ಟಿ ಬಡಿಸುತ್ತಾ ಬಂದವಳು ಬಸಂತ್ ಕೌರ್. ಅಲ್ಲಿ ಒಲ್ಲೆ ಎನ್ನುವಂತಿಲ್ಲ. ಊರೆಲ್ಲ ಅಣ್ಣನ ಕೈಯನ್ನೇ ನೋಡುತ್ತಿತ್ತು. ಎರಡೂ ಕೈ ಬೊಗಸೆ ಮಾಡಿ ರೊಟ್ಟಿ ಹಿಡಿದ, ತಿಂದ. ಊರೆದುರು ಬಡಗಿ ಮನೆಯವಳ ಕೈಯ ರೊಟ್ಟಿ ಉಂಡ ಮೇಲೆ ಆ ಮನೆಗೆ ಹೆಣ್ಣು ಕೊಡಲ್ಲ ಎನ್ನಲು ಬಾಯೆಲ್ಲಿ? ಮುಂದಿನ ತಿಂಗಳು ಹರಳೆಣ್ಣೆ ಕುಡಿದ ಮುಖದಲ್ಲೇ ಮಗಳ ಕೈಗೆ ಸೆರಗು ಇಟ್ಟ. ನನ್ನ ಸತ್ವಂತ್ ನಾಲ್ಕು ಸುತ್ತು ಬಂದಳು. ನಾನು ಮನಸಾರೆ ಅತ್ತೆ.

ಅಣ್ಣ ಬದಲಾದ ಎಂದುಕೊಂಡೆ. ನನಗೂ ಬುದ್ಧಿ ಕಮ್ಮಿ. ಈ ವರ್ಷ ಲಾಲೋ ಕಥೆ ಮತ್ತೆ ಬಂತು, ಅಳುವೂ ಬಂತು. ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಸಭೆಗೆ ಹೇಳಿದ:

"ಬಾಬಾ ಬಡಗಿ ಮನೇಲಿ ರೊಟ್ಟಿ ಉಂಡ್ರು ಅಷ್ಟೇ. ನಾನು ಮಗಳನ್ನೇ ಕೊಟ್ಟೆ!"