ಪುಟ್ಟಲಕ್ಷ್ಮಿಯವರ ವೇಟಿಂಗ್ ಲಿಸ್ಟು

ಪುಟ್ಟಲಕ್ಷ್ಮಿಯವರು ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತವರು. ಅಷ್ಟು ವರ್ಷ ಒಂದೇ ಕಡೆ ಕೂತರೆ ಲೋಕದ ಜನರೆಲ್ಲ ಮೂರೇ ಜಾತಿಯಾಗಿ ಕಾಣುತ್ತಾರೆ: ಸೀಟು ಸಿಕ್ಕವರು, ಕಾಯುತ್ತಿರುವವರು, ಫಾರ್ಮು ಸರಿಯಾಗಿ ತುಂಬದವರು. ಮುಂಬಯಿಯ ವಡಾಲದ ಎರಡು ಕೋಣೆಯ ಮನೆಯಲ್ಲೂ ಅವರದು ಇದೇ ಆಡಳಿತ. ಹಬ್ಬಕ್ಕೆ ನೆಂಟರು ಬರುತ್ತಾರೆಂದರೆ ಯಾರು ಮಂಚದ ಮೇಲೆ, ಯಾರು ಚಾಪೆಯ ಮೇಲೆ ಎಂದು ಹಿಂದಿನ ದಿನವೇ ಪಟ್ಟಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸುತ್ತಿದ್ದರು. ಒಮ್ಮೆ ಗಂಡನ ಅಣ್ಣ ಹೇಳದೆ ಕೇಳದೆ ಮೈಸೂರಿನಿಂದ ಬಂದಿಳಿದಾಗ, ಕಾಲಿಗೆ ನೀರು ಕೊಡುತ್ತಲೇ, "ಭಾವ, ನೀವು ಪಟ್ಟಿಯಲ್ಲೇ ಇಲ್ಲವಲ್ಲ!" ಎಂದು ಕಂಗಾಲಾಗಿದ್ದರು. ಹಾಗೆಂದು ಯಾರನ್ನೂ ವಾಪಸು ಕಳಿಸಿದವರಲ್ಲ. ಭಾವನಿಗೆ ತಮ್ಮ ಹಾಸಿಗೆ ಬಿಟ್ಟುಕೊಟ್ಟು ತಾವು ದೇವರ ಗೂಡಿನ ಕೆಳಗೆ ಜಮಖಾನ ಹಾಸಿಕೊಂಡು ಮಲಗಿದರು. ಬೆಳಿಗ್ಗೆ ಎದ್ದವರೇ ಪಟ್ಟಿಯಲ್ಲಿ ಭಾವನ ಹೆಸರು ಸೇರಿಸಿ, ಪಕ್ಕದಲ್ಲಿ ತಾರೀಖು ಹಾಕಿದರು.

ಇಂಥವರ ಕೈಗೆ ಮಗಳು ಶಾಮಲಾ ಒಂದು ಭಾನುವಾರದ ನೋಂದಣಿ ಕೆಲಸ ಒಪ್ಪಿಸಿದಳು. ಅದು ತೊಂಬತ್ತೊಂದನೇ ಇಸವಿಯ ಕೊನೆ.

ಶಾಮಲಾಳಿಗೆ ಒಂದು ಸಣ್ಣ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಅವಳೂ ಅವಳ ನಾಲ್ಕು ಜನ ಗೆಳೆಯರೂ ಎರಡು ವರ್ಷದಿಂದ ಒಂದು ಪ್ರೋಗ್ರಾಮ್ ಬರೆಯುತ್ತಿದ್ದರು. ಮುಂಬಯಿಯ ಕನ್ನಡಿಗರು ಮನೆಯಲ್ಲಿ, ಕಸುಬಿನಲ್ಲಿ ಆಡುವ ಮಾತುಗಳನ್ನೆಲ್ಲ ಕೂಡಿಟ್ಟುಕೊಳ್ಳುವ ಪದಪಟ್ಟಿ ಅದು. ಅದನ್ನು ಯಾರು ಬೇಕಾದರೂ ಫ್ಲಾಪಿಯಲ್ಲಿ ನಕಲು ಮಾಡಿಕೊಳ್ಳಬಹುದು, ಒಳಗೆ ಹೇಗೆ ಬರೆದಿದೆ ಎಂದು ತೆರೆದು ಓದಬಹುದು, ತಪ್ಪು ಕಂಡರೆ ತಿದ್ದಬಹುದು. ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಹಂಚಬೇಕು, ಅದೊಂದೇ ಷರತ್ತು.

"ಅಂದ್ರೆ ಅಂಗಡಿ ಬಾಗಿಲು ತೆಗೆದಿಟ್ಟು ಮನೆಗೆ ಹೋಗೋದು," ಎಂದರು ಅವಳ ತಂದೆ ತಿರುಮಲೇಶರು. ಬಂದರು ಕಚೇರಿಯಿಂದ ರಿಟೈರಾದ ಮೇಲೆ ಅವರಿಗೆ ಕಾಫಿ ಮಾಡುವುದು ಮತ್ತು ಹೆಂಡತಿಯನ್ನು ಕೆಣಕುವುದು, ಎರಡೇ ಕೆಲಸ.

"ಉಲ್ಟಾ ಅಪ್ಪಾ. ಬಂದೋರು ತೊಗೊಂಡೂ ಹೋಗ್ತಾರೆ, ಏನಾದ್ರೂ ಇಟ್ಟೂ ಹೋಗ್ತಾರೆ."

ಪ್ರೋಗ್ರಾಮ್ ಇತ್ತು, ಆದರೆ ಪದ ತುಂಬಲು ಅವರ ಹತ್ತಿರ ಯಂತ್ರವಿರಲಿಲ್ಲ. ಗೋರೆಗಾಂವಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸತ್ಯಮೂರ್ತಿ ಎಂಬವರು ಕೊನೆಗೂ ಮನಸ್ಸು ಮಾಡಿ, ಕನ್ನಡ ಮೂಡುವ ಆರು ಕಂಪ್ಯೂಟರುಗಳನ್ನು ಒಂದು ಭಾನುವಾರದ ಮಟ್ಟಿಗೆ ಟೆಂಪೊದಲ್ಲಿ ವಡಾಲಕ್ಕೆ ತರಲು ಒಪ್ಪಿದರು. ಆದರೆ ಮಾತು ಖಡಕ್ಕಾಗಿತ್ತು. "ಹನ್ನೆರಡು ಗಂಟೆಗೆ ನೋಡ್ತೀನಮ್ಮ. ಪದ ಹೇಳೋ ಜನ ಬಂದು ಖುರ್ಚಿ ತುಂಬಿದ್ರೆ ತಿಂಗಳಿಗೊಂದು ಭಾನುವಾರ ಮಷಿನ್ ನಿಮ್ಮದು. ಖಾಲಿ ಇದ್ರೆ ಟೆಂಪೊ ವಾಪಸ್, ಮತ್ತೆ ಕೇಳಬಾರದು."

ಎರಡು ವರ್ಷದ ಕೆಲಸ ಉಳಿಯುವುದೂ ಅಳಿಯುವುದೂ ಆ ಆರು ಖುರ್ಚಿಗಳ ಮೇಲೆ ನಿಂತಿತ್ತು. ಅದಕ್ಕೇ ಶಾಮಲಾ ಅಮ್ಮನ ಹತ್ತಿರ ಬಂದದ್ದು. ಬುದ್ಧಿ ಬಲಿತ ಮೇಲೆ ಅಮ್ಮನ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗಿ, "ನಿನಗಿಂತ ಚೆನ್ನಾಗಿ ಯಾರು ಮಾಡ್ತಾರಮ್ಮ?" ಎಂದಿದ್ದಳು. ಪುಟ್ಟಲಕ್ಷ್ಮಿಯವರು ಆ ಸಂಜೆ ದೇವರಿಗೆ ಒಂದರ ಬದಲು ಎರಡು ದೀಪ ಹಚ್ಚಿದರು.

ಮಾರನೆಯ ದಿನವೇ ಫಾರ್ಮು ತಯಾರಾಯಿತು. ಹೆಸರು, ವಯಸ್ಸು, ಗಂಡೋ ಹೆಣ್ಣೋ, ವಿಳಾಸ, ತರುವ ಪದಗಳ ಸಂಖ್ಯೆ. ಅಷ್ಟಾದರೆ ಸರಿಯಿತ್ತು. "ಜೊತೆಯಲ್ಲಿರುವ ಸಾಮಾನು," "ಐದು ವರ್ಷದೊಳಗಿನ ಮಕ್ಕಳು," ಆಮೇಲೆ ರದ್ದು ಮಾಡುವ ನಿಯಮಗಳು ಒಂಬತ್ತು.

ತಿರುಮಲೇಶರು ಕನ್ನಡಕ ಏರಿಸಿ ಓದಿದರು. "ಪುಟ್ಟೂ, ಕಿಟಕಿ ಪಕ್ಕದ ಸೀಟು ಬೇಕೋ ಬೇಡವೋ ಕೇಳೇ ಇಲ್ವಲ್ಲೇ?"

"ಹಾಲಿನಲ್ಲಿ ಕಿಟಕಿ ಇರೋದು ಒಂದೇ ಕಡೆ ರೀ. ಎಲ್ಲರೂ ಕೇಳಿದ್ರೆ ಕೊಡೋದು ಹೇಗೆ?" ಎಂದರು ಅವರು, ನಿಜವಾಗಿ ಯೋಚಿಸಿ.

ಲೆಕ್ಕಾಚಾರ ಮಾತ್ರ ಚೊಕ್ಕವಾಗಿತ್ತು. ಆರು ಯಂತ್ರ, ಒಬ್ಬೊಬ್ಬರಿಗೆ ಅರ್ಧ ಗಂಟೆ, ಊಟದ ಹೊತ್ತು ಬಿಟ್ಟರೆ ಎಪ್ಪತ್ತೆರಡು ಸೀಟು. ಶಾಮಲಾಳ ಗೆಳೆಯರು ತಮ್ಮ ತಮ್ಮ ಆಫೀಸಿನ ನೋಟಿಸ್ ಬೋರ್ಡಿಗೆ ಕಾಗದ ಅಂಟಿಸಿದರು. ಒಂದೇ ವಾರದಲ್ಲಿ ಎಪ್ಪತ್ತೆರಡೂ ಭರ್ತಿ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಆಮೇಲೆ ಬಂದವರು ಮೂವತ್ತೇಳು ಜನ. ಅವರಲ್ಲಿ ಹೆಚ್ಚಿನವರು ಧಾರಾವಿಯವರು. ಅವರಿಗೆ ಸುದ್ದಿ ಮುಟ್ಟಿಸಿದವಳು ಕಾಶವ್ವ. ವಿಜಾಪುರದ ಕಡೆಯ ಈ ಹೂವಿನ ಹೆಂಗಸು ದಿನಾ ಬೆಳಿಗ್ಗೆ ಬಿಲ್ಡಿಂಗಿನ ಮನೆಮನೆಗೂ ಹೂ ಕೊಡುತ್ತಿದ್ದಳು. ತನ್ನ ಫಾರ್ಮನ್ನೂ ತನ್ನ ಗಲ್ಲಿಯ ಹದಿನಾಲ್ಕು ಜನರ ಫಾರ್ಮುಗಳನ್ನೂ ಶಾಮಲಾಳ ಕೈಯಲ್ಲೇ ತುಂಬಿಸಿದ್ದಳು.

ಮೂವತ್ತೇಳು ಜನಕ್ಕೂ ಪುಟ್ಟಲಕ್ಷ್ಮಿಯವರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಕಾರ್ಡು ಬರೆದರು: "ನಿಮ್ಮ ಹೆಸರು ವೇಟಿಂಗ್ ಲಿಸ್ಟಿನಲ್ಲಿದೆ. ಜಾಗ ಖಚಿತವಾಗುವ ತನಕ ದಯವಿಟ್ಟು ಬರಬಾರದು."

"ಮದುವೆಗೆ ಕರೆದ್ರೂ ಬನ್ನಿ ಅಂತಾರೆ, ಕೋರ್ಟಿಗೆ ಕರೆದ್ರೂ ಬನ್ನಿ ಅಂತಾರೆ," ಎಂದರು ತಿರುಮಲೇಶರು. "ಬರಬೇಡಿ ಅನ್ನೋಕೆ ಕಾರ್ಡು ಹಾಕಿದೋಳು ನೀನೊಬ್ಬಳೇ."

"ನಿಮಗೆ ಗೊತ್ತಾಗೋದಿಲ್ಲ. ವೇಟಿಂಗ್‌ನಲ್ಲಿರೋರು ಸುಮ್ಮನಿರೋ ಜನ ಅಲ್ಲ. ದಿನಾ ಬಂದು ಎಷ್ಟಕ್ಕೆ ಬಂತು ಅಂತ ಕೇಳ್ತಾರೆ."

ಕೌಂಟರಿನಲ್ಲಿ ಕೇಳುತ್ತಿದ್ದರು, ನಿಜ. ಇಲ್ಲಿ ಕೌಂಟರೇ ಇಲ್ಲವಲ್ಲ ಎನ್ನುವುದು ಅವರಿಗೆ ಹೊಳೆಯಲಿಲ್ಲ.

ಆ ಭಾನುವಾರ ಬಂತು. ಬಿಲ್ಡಿಂಗಿನ ಕೆಳಗಿದ್ದ ಭಜನೆ ಹಾಲಿನಲ್ಲಿ ಆರು ಕಂಪ್ಯೂಟರುಗಳು ಸಾಲಾಗಿ ಕೂತವು. ಬಂದವರು ಹೇಳಿದ್ದನ್ನು ಟೈಪು ಮಾಡಲು ಶಾಮಲಾಳೂ ಅವಳ ಗೆಳೆಯರೂ ಸಿದ್ಧರಾಗಿ ನಿಂತರು. ಪುಟ್ಟಲಕ್ಷ್ಮಿಯವರು ರೇಷ್ಮೆ ಸೀರೆಯುಟ್ಟು, ದೇವರ ಪಟಕ್ಕೆ ದೀಪ ಹಚ್ಚಿ, ಬಾಗಿಲಿಗೆ ಚಾರ್ಟು ಅಂಟಿಸಿದರು. ಆಮೇಲೆ ಕೆಲಸ ಮುಗಿದವರಂತೆ ಕೈ ಒರೆಸಿಕೊಂಡರು.

ಹತ್ತು ಗಂಟೆಯ ಆರು ಜನರಲ್ಲಿ ಬಂದವರು ಇಬ್ಬರು. ಹತ್ತೂವರೆಗೆ ಒಬ್ಬರು, ಅವರೂ ಮಗುವಿಗೆ ಕಂಪ್ಯೂಟರ್ ತೋರಿಸಿಕೊಂಡು ಹೊರಟೇಹೋದರು. ಶಾಮಲಾ ಎದುರಿನ ಅಂಗಡಿಯಿಂದ ಮೂರು ನಾಲ್ಕು ಕಡೆ ಫೋನ್ ಮಾಡಿ ಬಂದಳು. ಮುಖ ಬಾಡಿತ್ತು. "ಒಬ್ಬರ ಮನೇಲಿ ಗೆಸ್ಟ್ ಅಂತೆ. ಒಬ್ಬರು ಇನ್ನೂ ಎದ್ದೇ ಇಲ್ಲ. ಇನ್ನೊಬ್ಬರು, ಅರೆ, ಇವತ್ತೇನಾ ಅಂತಾರೆ."

"ರದ್ದು ಮಾಡೋದಾದ್ರೆ ಎರಡು ದಿನ ಮೊದಲೇ ತಿಳಿಸಬೇಕು ಅಂತ ಸ್ಪಷ್ಟವಾಗಿ ಬರೆದಿದ್ದೆನಲ್ಲೇ!"

"ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ರೆ ತಿಳಿಸ್ತಿದ್ರು ಕಣೇ," ಎಂದರು ತಿರುಮಲೇಶರು. ಈ ಸಲ ಅವರೂ ನಗಲಿಲ್ಲ.

ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಸತ್ಯಮೂರ್ತಿಯವರು ಗಡಿಯಾರ ನೋಡಿಕೊಂಡರು. ಹನ್ನೊಂದಕ್ಕೆ ಹತ್ತು ನಿಮಿಷ. ಪುಟ್ಟಲಕ್ಷ್ಮಿಯವರು ಬಾಗಿಲಿನ ಚಾರ್ಟಿನತ್ತ ನೋಡಿದರು. ಇಪ್ಪತ್ತೊಂಬತ್ತು ವರ್ಷ ಚಾರ್ಟು ಮಾಡಿ ಕಳಿಸಿದ್ದರು, ಆದರೆ ಗಾಡಿ ಹೊರಟ ಮೇಲೆ ಆ ಬರ್ತುಗಳಲ್ಲಿ ಯಾರು ಕೂತರು, ಯಾವುದು ಖಾಲಿ ಹೋಯಿತು ಎಂದು ಒಂದು ದಿನವೂ ನೋಡಿದವರಲ್ಲ. ಅದು ಟೀಸಿಯ ಕೆಲಸ. ಇಲ್ಲಿ ಟೀಸಿ ಎಲ್ಲಿದ್ದಾನೆ?

ಅಷ್ಟರಲ್ಲಿ ಕಾಶವ್ವ ದೇವರ ಪಟಕ್ಕೆ ಮಾಲೆ ತಂದಳು. ಹಾಕಿ, ಕೈ ಮುಗಿದು ತಿರುಗಿದವಳು ಅಲ್ಲೇ ನಿಂತಳು.

"ಯವ್ವಾ, ಖುರ್ಚಿ ಎಲ್ಲಾ ಖಾಲಿ ಬಿದ್ದಾವಲ್ರಿ ಅಕ್ಕಾರ! ಜಾಗಾ ಇಲ್ಲ, ಬರಬ್ಯಾಡ್ರಿ ಅಂತ ಕಾರ್ಡ್ ಬರದೀರಿ?"

"ಜಾಗ ಇರಲಿಲ್ಲ ಕಾಶವ್ವ. ಎಲ್ಲ ಭರ್ತಿ ಆಗಿತ್ತು."

"ಹೌದೌದು, ಕಾಣಾಕ್ಹತ್ತೇತಿ. ಹಾಳಿ ಮ್ಯಾಲೆ ಭರ್ತಿ, ಖುರ್ಚಿ ಮ್ಯಾಲೆ ಗಾಳಿ."

ಶಾಮಲಾಳಿಗೆ ಆ ಸಂಕಟದಲ್ಲೂ ನಗು ಬಂತು. ಪುಟ್ಟಲಕ್ಷ್ಮಿಯವರ ಮುಖ ಕೆಂಪಾಯಿತು. "ನಿನ್ನ ಗಲ್ಲಿಯವರು ಎಲ್ಲಿದ್ದಾರೆ?"

"ಎಲ್ಲಿ ಇರ್ತಾರ? ಗದಿಗೆಪ್ಪನ ಕಾರಖಾನ್ಯಾಗ ಕುಂತಾರ. ಜಳಕಾ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು. ನಂಬರ ಹತ್ತಿದ್ರ ಕರೀತಾರ ಅಂತ."

"ನೀನು ಕೂತ್ಕೋ," ಎಂದರು ಪುಟ್ಟಲಕ್ಷ್ಮಿಯವರು ಮೊದಲ ಖುರ್ಚಿ ಎಳೆದು.

"ನಂದು ಮೂರನೇ ನಂಬರ್ರಿ. ಒಂದು, ಎರಡನೇ ನಂಬರದವರು ಮೊದಲ..."

"ಕೂತ್ಕೋ ಮಾರಾಯ್ತಿ!"

ಕಾಶವ್ವ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. "ದಂಡಿ," ಎಂದಳು. ಶಾಮಲಾ, "ಅಂದ್ರೆ?" ಎಂದಳು. "ಮದಿಮಗಳ ತಲಿಗೆ ಹೂವಿಂದು ಕಟ್ಟತಾರಲ್ಲ, ಅದಕ್ಕ. ಇಷ್ಟು ಓದಿ ದಂಡಿ ಗೊತ್ತಿಲ್ಲ ಅಂತಿ, ನಾಳೆ ನಿನ್ನ ಮದಿವ್ಯಾಗ ಏನು ಕಟ್ಟಲಿ?"

ಇತ್ತ ಪುಟ್ಟಲಕ್ಷ್ಮಿಯವರು ಚಪ್ಪಲಿ ಮೆಟ್ಟಿ, ವೇಟಿಂಗ್ ಲಿಸ್ಟನ್ನು ಕೈಯಲ್ಲಿ ಹಿಡಿದು ಟ್ಯಾಕ್ಸಿಗೆ ಕೈ ಮಾಡಿದರು. ಟ್ಯಾಕ್ಸಿ ಹತ್ತಿದ್ದು ಅವರ ಆಯುಷ್ಯದಲ್ಲಿ ಅದು ಐದನೆಯದೋ ಆರನೆಯದೋ ಸಲ. ದಾರಿಯುದ್ದಕ್ಕೂ ರಾಯರನ್ನು ನೆನೆದರು. ತಪ್ಪು ನನ್ನದು, ಶಿಕ್ಷೆ ಮಗಳಿಗಾಗದಿರಲಿ ಎಂದು ಬೇಡಿಕೊಂಡರು.

ಗದಿಗೆಪ್ಪನ ಕಾರಖಾನೆಯೆಂದರೆ ಧಾರಾವಿಯ ಗಲ್ಲಿಯಲ್ಲಿ ತೊಗಲಿನ ಚೀಲ ಹೊಲಿಯುವ ಒಂದು ಕೋಣೆ. ಅಲ್ಲಿ ಹದಿನಾಲ್ಕು ಜನ, ಗಂಡಸರೂ ಹೆಂಗಸರೂ, ಗೋಡೆಗೊರಗಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಕಾರ್ಡು. ಐವತ್ತು ದಾಟಿದ ಗದಿಗೆಪ್ಪ ಎದ್ದು ನಿಂತ.

"ಬರ್ರಿ ಅಕ್ಕಾರ. ಕನ್ಫರ್ಮ್ ಆತೇನ್ರಿ?"

"ನೀವೇ ಒಂದು ಸಲ ಬಂದು ನೋಡಬಾರದಿತ್ತಾ?" ಎಂದರು ಪುಟ್ಟಲಕ್ಷ್ಮಿಯವರು, ಏದುಸಿರು ಬಿಡುತ್ತ.

"ನೀವ ಬರದೀರಲ್ರಿ ಬರಬಾರದು ಅಂತ. ದಯವಿಟ್ಟು ಅಂತ ಬ್ಯಾರೆ ಬರದಿದ್ರಿ. ಅಷ್ಟು ಮರ್ಯಾದಿ ಕೊಟ್ಟು ಹೇಳಿದ ಮ್ಯಾಲೆ ಹ್ಯಾಂಗ ಬರೂದು?"

ಕೌಂಟರಿನ ಕಿಂಡಿಯ ಆಚೆ ನಿಂತವರನ್ನು ಪುಟ್ಟಲಕ್ಷ್ಮಿಯವರು ಯಾವಾಗಲೂ ಗದ್ದದಿಂದ ಮೇಲಕ್ಕಷ್ಟೇ ನೋಡಿದ್ದರು. ಇವತ್ತು ಇಸ್ತ್ರಿ ಅಂಗಿಗಳು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಮುದುರದಂತೆ ಹಿಡಿದ ಕಾರ್ಡುಗಳು ಒಟ್ಟಿಗೇ ಕಂಡವು. "ತಪ್ಪಾಯ್ತಪ್ಪ, ಎದ್ದೇಳಿ," ಎಂದರು. "ಎಲ್ಲರದೂ ಆಗಿದೆ."

ಹದಿನೈದು ಜನ ಬಸ್ಸು ಹಿಡಿದು ಭಜನೆ ಹಾಲು ಮುಟ್ಟುವಾಗ ಹನ್ನೆರಡು ದಾಟಿ ಐದು ನಿಮಿಷ. ಟೆಂಪೊದವನು ಒಂದು ಕಂಪ್ಯೂಟರನ್ನು ಆಗಲೇ ಬಟ್ಟೆಯಲ್ಲಿ ಸುತ್ತಿದ್ದ. ಕಾಶವ್ವ ಮಾತ್ರ ಎದ್ದಿರಲಿಲ್ಲ. ಅರ್ಧ ಗಂಟೆ ಎಂದೋ ಮುಗಿದಿದ್ದರೂ, "ನಾ ಎದ್ದರ ಇದನ್ನೂ ಸುತ್ತತಾರ," ಎಂದು ಶಾಮಲಾಳ ಕಿವಿಯಲ್ಲಿ ಹೇಳಿ ಹೂವಿನ ಹೆಸರು ಹೇಳುತ್ತಲೇ ಇದ್ದಳು.

"ಸತ್ಯಮೂರ್ತಿಯವರೇ, ಬಿಚ್ಚಿಸಿ ಅದನ್ನ," ಎಂದರು ಪುಟ್ಟಲಕ್ಷ್ಮಿಯವರು ಬಾಗಿಲಿನಿಂದಲೇ.

"ಹನ್ನೆರಡು ಅಂದಿದ್ದೆನಲ್ಲಮ್ಮ."

"ಅಂದಿದ್ರಿ. ನಮ್ಮಲ್ಲಿ ಗಾಡಿ ಐದು ನಿಮಿಷ ತಡವಾಗಿ ಹೊರಟ್ರೆ ಅದನ್ನ ರೈಟ್ ಟೈಮ್ ಅಂತೀವಿ."

ಸತ್ಯಮೂರ್ತಿಯವರು ಅವರ ಹಿಂದೆ ನಿಂತವರನ್ನು ನೋಡಿದರು. "ಇವರ ಫಾರ್ಮು, ಚಾರ್ಟು ಎಲ್ಲ..."

"ನಾನೇ ಇದ್ದೇನಲ್ಲ, ನನ್ನ ಕೇಳಿ."

ಬಟ್ಟೆ ಬಿಚ್ಚಿತು. ಆರು ಖುರ್ಚಿ ತುಂಬಿ, ಉಳಿದವರು ಹಿಂದೆ ನಿಂತರು. ಗದಿಗೆಪ್ಪ ತನ್ನ ಕಸುಬಿನ ಮಾತು ಹೇಳುತ್ತ ಹೋದ: ತೂತು ಹಾಕುವ ಆರಿ, ತೊಗಲು ಕೊಯ್ಯುವ ರಂಪಿಗಿ, ಚಪ್ಪಲಿಯ ಅಡಿಗೆ ಹಾಕುವ ಅಟ್ಟಿ. ಪಕ್ಕದ ಖುರ್ಚಿಯವನು, "ನಮ್ಮೂರಾಗ ಹಂಗಂಗಿಲ್ಲೊ," ಎಂದು ತಕರಾರು ತೆಗೆದ. ಶಾಮಲಾ ಎರಡನ್ನೂ ಬರೆದುಕೊಂಡಳು. ಯಾರಿಗೂ ಅರ್ಧ ಗಂಟೆ ಸಾಲಲಿಲ್ಲ. ಮಧ್ಯಾಹ್ನ ಖಚಿತ ಸೀಟಿನ ಒಂಬತ್ತು ಜನ ಊಟ ಮುಗಿಸಿ ನಿಧಾನವಾಗಿ ಬಂದಾಗ, ಅವರೇ ನಿಂತು ಕಾಯಬೇಕಾಯಿತು. ಚಾರ್ಟಿನಲ್ಲಿ ಹೆಸರಿದೆ ಎಂದು ಒಬ್ಬರು ಬೆರಳಿಟ್ಟು ತೋರಿಸಿದರು. "ಇದೆ ಇದೆ, ತುಂಬ ಚೆನ್ನಾಗಿ ಬರೆದಿದ್ದಾಳೆ," ಎಂದು ತಿರುಮಲೇಶರು ಅವರ ಕೈಗೆ ಕಾಫಿ ಕೊಟ್ಟರು.

ಐದು ಗಂಟೆಗೆ ಟೆಂಪೊದವನು ಬಂದಾಗ ಸತ್ಯಮೂರ್ತಿಯವರೇ, "ರುಕೋ ಭಾಯಿ, ಇವರದು ಮುಗೀಲಿ," ಎಂದರು. ಆರೂವರೆಗೆ ಕಂಪ್ಯೂಟರು ಹೇರಿಸುವಾಗ ಶಾಮಲಾಳತ್ತ ನೋಡದೆ, ಹಗ್ಗ ಬಿಗಿಯುವುದನ್ನೇ ನೋಡುತ್ತ, "ಮುಂದಿನ ತಿಂಗಳು ಎರಡನೇ ಭಾನುವಾರ ತರ್ತೀನಿ," ಎಂದರು.

ಶಾಮಲಾ ಬಂದು ಅಮ್ಮನ ಭುಜ ಹಿಡಿದುಕೊಂಡಳು. "ಮುಂದಿನ ಸಲಾನೂ ರಿಜಿಸ್ಟ್ರೇಶನ್ ನಿನ್ನದೇ ಅಮ್ಮ."

"ಬೇಡ ಕಣೇ. ನನಗೆ ಬರೋದಿಲ್ಲ ಅದು."

"ಬರುತ್ತೆ. ಇವತ್ತು ಬಂತಲ್ಲ."

ಪುಟ್ಟಲಕ್ಷ್ಮಿಯವರು ದೀಪಕ್ಕೆ ಎಣ್ಣೆ ಹಾಕಿ ಬಂದು, ಒಂದು ಹೊಸ ಹಾಳೆಯಲ್ಲಿ ಬರೆದರು: "ಮುಂದಿನ ತಿಂಗಳು ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬನ್ನಿ." ಬರೆದದ್ದನ್ನು ದೂರ ಹಿಡಿದು ನೋಡಿದರು. ಏನೋ ಕಡಿಮೆಯಾದ ಹಾಗೆ ಅನಿಸಿತು. ಎಷ್ಟೆಂದರೂ ಇಪ್ಪತ್ತೊಂಬತ್ತು ವರ್ಷದ ಕೈ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದರು.

"ಬರಲಾಗದವರು ಮಾತ್ರ ಫಾರ್ಮು ತುಂಬಿ ಕೊಡಬೇಕು."

ತಿರುಮಲೇಶರು ಅದನ್ನು ಎರಡು ಸಲ ಓದಿದರು. ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಮುಚ್ಚಿಕೊಂಡರು. ಗೋಂದಿನ ಬಾಟಲಿ ಹುಡುಕಿ ತಂದುಕೊಟ್ಟರು.