ಮುನ್ನುಡಿ ಕೊನೆಗೆ ಬಂದ ಪುಸ್ತಕ

ಅವರ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೊಂಬಿನಷ್ಟು ಗಟ್ಟಿ. ಕಾಗದ ಮಡಚಿ ಆ ಉಗುರಿನಿಂದ ಒಮ್ಮೆ ಎಳೆದರೆ ಸಾಕು, ಮಡಿಕೆ ಇಸ್ತ್ರಿ ಹಾಕಿದಂತೆ ಕೂರುತ್ತಿತ್ತು. ಹುಳು ಹತ್ತದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಕಲಸುತ್ತಿದ್ದರು. ಅದರಿಂದ ಬೆರಳುಗಳ ಸಂದಿಯೆಲ್ಲ ಸದಾ ನೀಲಿ. ಊಟಕ್ಕೆ ಮುಂಚೆ ಎಷ್ಟು ಉಜ್ಜಿ ತೊಳೆದರೂ ಆ ನೀಲಿ ಹೋಗುತ್ತಿರಲಿಲ್ಲ.

ಕೊಪ್ಪಳದ ನಮ್ಮ ಓಣಿಯ ತಿರುವಿನಲ್ಲಿ ಅವರ ಅಂಗಡಿ. ಓಣಿಗೆಲ್ಲ ಅವರು ಬೈಂಡಿಂಗ್ ಚಾಚಾ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು, ಹೊಸ ಕಚೇರಿಗಳ ರಿಜಿಸ್ಟರುಗಳು ಹೊರೆಗಟ್ಟಲೆ ಬರುತ್ತಿದ್ದವು. "ಜಿಲ್ಲಾ ಆಗಿದ್ದಕ್ಕ ಯಾರಿಗೇನ್ ಸಿಕ್ತೋ ಗೊತ್ತಿಲ್ಲವ್ವಾ, ನನಗಂತೂ ಬೆನ್ನುನೋವು ಸಿಕ್ತು" ಎಂದು ನಗುತ್ತಿದ್ದರು.

ನಾನು ಆಗ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕುಳಿತಿದ್ದೆ. ನನಗೋ ಟೀಚರಾಗುವ ಹುಚ್ಚು. ಅಪ್ಪ ಒಂದೇ ಮಾತು ಹೇಳಿಬಿಟ್ಟಿದ್ದರು: "ಈ ಸಲಾನೂ ನಪಾಸಾದ್ರ ಯಲಬುರ್ಗಿ ಸಂಬಂಧ ಗಟ್ಟಿ ಮಾಡೂದ." ಇಷ್ಟಾದ ಮೇಲೆ ಯಾರೇ ಆದರೂ ಇಂಗ್ಲಿಷ್ ಓದುತ್ತಾರಲ್ಲವೇ? ನಾನು ಗೆಲುವಿನ ಪುಸ್ತಕಗಳನ್ನು ಓದುತ್ತಿದ್ದೆ. ರಟ್ಟಿನ ಮೇಲೆ ಸಾಧನೆ, ಆತ್ಮವಿಶ್ವಾಸ ಅಂತ ಬರೆದಿದ್ದರೆ ಮುಗಿಯಿತು, ಎಲ್ಲಿಂದಾದರೂ ತರುತ್ತಿದ್ದೆ. ಇಂಗ್ಲಿಷ್ ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿ ಇವನ್ನು ಓದಿದರೆ ಹಾಯ್ ಎನಿಸುತ್ತಿತ್ತು.

ಒಮ್ಮೆ ಗಂಗಾವತಿಯ ಕಲ್ಯಾಣ ಮಂಟಪಕ್ಕೆ ದೊಡ್ಡ ಭಾಷಣಕಾರರೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಅವ್ವ ನನ್ನೊಬ್ಬಳನ್ನೇ ಬಿಡಲಾರಳು. ಅದೇ ದಿನ ಚಾಚಾ ಅಲ್ಲಿನ ಅಕ್ಕಿ ಗಿರಣಿಗೆ ರಿಜಿಸ್ಟರು ಮುಟ್ಟಿಸುವುದಿತ್ತು, ನನ್ನನ್ನೂ ತಂಗಿಯನ್ನೂ ಕರೆದುಕೊಂಡು ಹೋದರು. ಭಾಷಣಕಾರರು ಎಲ್ಲರನ್ನೂ ನಿಲ್ಲಿಸಿ, ಎರಡೂ ಕೈ ಎತ್ತಿ "ನಾನು ಗೆದ್ದೇ ಗೆಲ್ಲುತ್ತೇನೆ" ಅನ್ನಿಸಿದರು. ಚಾಚಾ ಗೇಲಿ ಮಾಡಿಯಾರೆಂದು ನಾಚಿಕೆಯಿಂದ ಹೊರಳಿ ನೋಡಿದೆ. ಅವರು ನೀಲಿ ಕೈಗಳನ್ನು ಮೇಲೆತ್ತಿ ನನಗಿಂತ ಜೋರಾಗಿ ಕೂಗುತ್ತಿದ್ದರು!

ವಾಪಸ್ ಬರುವಾಗ ಬಸ್ಸಿನಲ್ಲಿ "ಹೆಂಗಿತ್ರಿ ಚಾಚಾ?" ಎಂದು ಕೇಳಿದೆ.

"ಭಾಳ ಛಲೋ ಮಾತಾಡಿದ್ರವ್ವಾ. ಎರಡ್ ತಾಸು ಬೆನ್ನುನೋವು ನೆನಪಿಗೇ ಬರ್ಲಿಲ್ಲ." ಸೊಂಟಕ್ಕೆ ಕೈಕೊಟ್ಟು ಸರಿದು ಕೂತು, "ಬಸ್ ಹತ್ತೂವಾಗ ಬಂತ್ ನೋಡು" ಅಂದರು.

ಅಲ್ಲಿ ಕೊಂಡಿದ್ದ ಪುಸ್ತಕವನ್ನು ನಾನು ಎರಡು ತಿಂಗಳು ತಲೆದಿಂಬಿನ ಪಕ್ಕ ಇಟ್ಟುಕೊಂಡು ಓದಿದೆ. ಪುಟಕ್ಕೊಂದು ಹಿತವಚನ, ಪುಟಕ್ಕೊಂದು ಕತೆ. ಓದಿ ಓದಿ ಹಾಳೆಗಳೆಲ್ಲ ಬಿಚ್ಚಿಕೊಂಡವು. ಉಳಿದದ್ದನ್ನು ಇಲಿ ನೋಡಿಕೊಂಡಿತು, ಪುಟದ ಅಂಕಿ ಇದ್ದ ಮೂಲೆಗಳನ್ನೇ ತಿಂದು ಹಾಕಿತು. ಹಾಳೆಗಳನ್ನು ಚೀಲಕ್ಕೆ ತುಂಬಿ ಚಾಚಾಗೆ ಕೊಟ್ಟೆ. ನಾಲ್ಕು ದಿನಕ್ಕೆ ಕೆಂಪು ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ಮದುವಣಗಿತ್ತಿಯಂತೆ ಮಾಡಿ ಕೊಟ್ಟರು. ನಾನು ಮತ್ತೆ ದಿನಾ ಓದತೊಡಗಿದೆ.

ಹದಿನೈದು ದಿನದ ಮೇಲೆ ತಂಗಿ ಅದನ್ನು ಸುಮ್ಮನೆ ತಿರುವಿ ಹಾಕುತ್ತ "ಅಕ್ಕಾ, ಮುನ್ನುಡಿ ಯಾಕ ಕಟ್ಟಕಡೀಗಿ ಐತಿ?" ಅಂದಳು. ನೋಡಿದರೆ ಹೌದು! ಕೊನೆಯ ಅಧ್ಯಾಯ ನಡುವೆ, ಮೊದಲನೆಯದು ಅದರ ಹಿಂದೆ. ನಾನು ಸಿಟ್ಟಿನಿಂದ ಅಂಗಡಿಗೆ ಓಡಿದೆ.

"ಚಾಚಾ, ಏನ್ ಮಾಡಿಟ್ಟೀರಿ ಇದನ್ನ? ಎಲ್ಲಾ ಹಿಂದ ಮುಂದ ಆಗೇತಿ!"

ಅವರ ಮುಖ ಸಣ್ಣದಾಯಿತು. ಬೈಂಡಿಂಗ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು. "ಅಂಕಿ ಇದ್ದಿದ್ರ ತಪ್ಪತಿದ್ದಿಲ್ಲವ್ವಾ. ನನಗ ಕನ್ನಡ ಓದಾಕ ಬರೂದಿಲ್ಲ, ಉರ್ದು ಸಾಲಿ ಎರಡನೇತ್ತೆಗೇ ಬಿಟ್ಟಾಂವ. ಭಾಳ ಹೊಲಸಾದ ಹಾಳಿ ಮೊದಲಿಂದು, ಸ್ವಚ್ಛ ಇದ್ದದ್ದು ಆಮ್ಯಾಲಿಂದು ಅಂತ ತಿಳದು ಜೋಡಿಸಿಬಿಟ್ಟೆ."

ಮುನ್ನುಡಿಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಅದಕ್ಕೇ ಅದು ಕೊನೆಗೆ ಹೋಗಿತ್ತು.

"ಒಯ್ದು ಎಷ್ಟ್ ದಿನ ಆತು?" ಎಂದು ಕೇಳಿದರು.

"ಹದಿನೈದು ದಿನ."

"ಓದಿದಿ?"

"ದಿನಾ ಓದೀನಿ."

"ಮತ್ತ ನಿನಗೂ ಗೊತ್ತಾಗ್ಲಿಲ್ಲಾ?"

ಅವರು ಹಂಗಿಸಲು ಕೇಳಿದ್ದಲ್ಲ. ನಿಜವಾಗಿಯೂ ಅಚ್ಚರಿಯಿಂದ ಕೇಳಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ, ಇಂಗ್ಲಿಷ್ ಪುಸ್ತಕ ತೆರೆದೇ ಇಲ್ಲವೆಂದು ಬಾಯಿಬಿಟ್ಟೆ. ಯಲಬುರ್ಗಿಯ ಸಂಬಂಧವನ್ನೂ ಹೇಳಿದೆ. ಚಾಚಾ ಮಣೆಯ ಮೇಲಿನ ರಿಜಿಸ್ಟರುಗಳನ್ನು ಸರಿಸಿ ಜಾಗ ಮಾಡಿದರು.

"ಅಳಬ್ಯಾಡ. ನಾಳಿಂದ ಆ ಇಂಗ್ಲಿಷ್ ಪುಸ್ತಕ ತಗೊಂಡ್ ಬಾ. ನನಗ ಓದಿ ಹೇಳು. ನಾ ದಡ್ಡ ಅದೀನಿ, ನನಗ ತಿಳಿಯೂವಂಗ ಹೇಳು."

ಮರುದಿನದಿಂದ ಅವರು ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ನಾನು ಹಾಜರು. ಅವರು ಹೊಲಿಯುತ್ತ ಕೂರುವರು, ನಾನು ಒಂದು ಸಾಲು ಓದಿ ಕನ್ನಡದಲ್ಲಿ ಹೇಳುವುದು. ಅಯ್ಯೋ, ಅವರ "ಯಾಕ"ಗಳು! "ಅಲ್ಲವ್ವಾ, ಆ ಮುದುಕಿ ಸಿಟ್ಟಾದದ್ದು ಯಾಕ?" "ಗೊತ್ತಿಲ್ರಿ, ಪುಸ್ತಕದಾಗ ಹಂಗ ಐತಿ." "ಪುಸ್ತಕದಾಗ ಸುಮ್ಮನ ಬರದಿರಾಕಿಲ್ಲ, ಮತ್ತೊಮ್ಮೆ ಓದು." ಬೈದುಕೊಳ್ಳುತ್ತ ಮತ್ತೊಮ್ಮೆ ಓದುತ್ತಿದ್ದೆ. ಮೂರನೇ ಸಲಕ್ಕೆ ಮುದುಕಿಯ ಸಿಟ್ಟಿನ ಕಾರಣ ಸಿಗುತ್ತಿತ್ತು. ಹಾಗೆ ನನಗೆ ಇಂಗ್ಲಿಷ್ ಬಂತು.

ಕೊನೆಯ ಪಾಠ ಹಿಮದಲ್ಲಿ ದಾರಿ ತಪ್ಪಿದ ಅಂಚೆಯವನೊಬ್ಬನದು. ಅರ್ಧಕ್ಕೆ ಬಂದಾಗ ಪರೀಕ್ಷೆಗೆ ನಾಲ್ಕೇ ದಿನ. ಅದರಿಂದ ಬರುವುದು ಒಂದೇ ಪ್ರಶ್ನೆ, ವ್ಯಾಕರಣ ಹಾಗೇ ಉಳಿದಿತ್ತು. "ಪರೀಕ್ಷಾ ಮುಗಿಸಿ ಬಂದು ಓದ್ತೀನ್ರಿ ಚಾಚಾ" ಅಂದೆ.

"ಆತು. ಅಲ್ಲೀತನ ಅಂವ ಬರ್ಫಿನ್ಯಾಗ ನಿಂತಿರ್ಲಿ" ಅಂದರು.

ನಲವತ್ತೊಂದು ಅಂಕ ಬಂದು ಪಾಸಾದೆ. ಯಲಬುರ್ಗಿಯವರು ಬೇರೆ ಹುಡುಗಿ ನೋಡಿಕೊಂಡರು. ಟೀಚರ್ ತರಬೇತಿ ಮುಗಿಯಿತು, ತಾವರಗೇರಾದಲ್ಲಿ ನೌಕರಿಯಾಯಿತು. ಕೊಪ್ಪಳಕ್ಕೆ ಬಂದಾಗಲೆಲ್ಲ ಅಂಗಡಿಯ ಮುಂದೆಯೇ ಹಾಯ್ದು ಹೋಗುತ್ತಿದ್ದೆ. ಚಾಚಾ ಸೂಜಿ ಹಿಡಿದ ಕೈ ಎತ್ತಿ "ಏನವ್ವಾ, ನಮ್ಮ ಟಪಾಲಿನಾಂವ ಇನ್ನೂ ಬರ್ಫಿನ್ಯಾಗ ಅದಾನ" ಎಂದು ಕೂಗುತ್ತಿದ್ದರು. "ಮುಂದಿನ ಸಲ ಬಂದಾಗರೀ" ಎಂದು ನಾನು ನಗುತ್ತಿದ್ದೆ. ಅರ್ಧ ತಾಸಿನ ಕೆಲಸ. ಅಷ್ಟು ಹೊತ್ತು ಆ ಮಣೆಯ ಮೇಲೆ ಕೂರಲು ನನಗೆ ಆಗಲೇ ಇಲ್ಲ ನೋಡಿ. ಈಗ ಆ ಮೈದಾ ಅಂಟಿನ ವಾಸನೆಗಾಗಿ, ಆ "ಯಾಕ"ಗಾಗಿ ಜೀವ ಹಪಹಪಿಸುತ್ತದೆ.

ನನ್ನ ಶಾಲೆಯ ಮಕ್ಕಳು ಇಂದು ಮೊಬೈಲಿನಲ್ಲಿ ಗೆಲುವಿನ ಭಾಷಣ ಕೇಳುತ್ತ "ಕೇಳಬೇಕೇನ್ರಿ ಟೀಚರ್, ಬ್ಯಾಡೇನ್ರಿ?" ಎಂದು ಕೇಳುತ್ತಾರೆ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥ ಪುಸ್ತಕವೇ ನನ್ನನ್ನು ಚಾಚಾನ ಅಂಗಡಿಗೆ ಕರೆದೊಯ್ದದ್ದು. "ಕೇಳ್ರಿ, ಆದ್ರ ಆಮ್ಯಾಲೆ ಪಾಠ ತೆಗದು ಮಗ್ಗಲ ಮನಿಯವರಿಗೆ ಓದಿ ಹೇಳ್ರಿ" ಅನ್ನುತ್ತೇನೆ.

ಚಾಚಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ನಲವತ್ತನೆಯ ದಿನದ ಊಟಕ್ಕೆ ಹೋದೆ. ಅವರ ಹೆಂಡತಿ, ನಮಗೆಲ್ಲ ಚಾಚಿ, ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ನೀ ಓದಿ ಹೇಳಿದ್ದೆಲ್ಲಾ ಮನಿಗಿ ಬಂದು ಊಟಕ್ಕ ಕುಂತಾಗ ನಮಗ ಹೇಳ್ತಿದ್ರವ್ವಾ. ಆ ಟಪಾಲಿನವನ ಕಥಿ ಒಂದು ಅರ್ಧಾನ ಉಳೀತು. ಮುಂದೇನಾತು ಅಂದ್ರ, 'ಅಕೀನ ಬಂದು ಹೇಳ್ಬೇಕು' ಅಂತಿದ್ರು. ಅಂವ ಮನಿ ಮುಟ್ಟಿದನೇನವ್ವಾ?"

"ಮುಟ್ಟಿದನ್ರಿ ಚಾಚಿ" ಅಂದೆ.

ಅವರು ಸಮಾಧಾನದಿಂದ ತಲೆಯಾಡಿಸಿ ಕಣ್ಣೊರೆಸಿಕೊಂಡರು. ಆ ಪಾಠವನ್ನು ನಾನೂ ಮುಂದೆ ಓದಿರಲಿಲ್ಲ.