ಬಾಣಂತಿ ಕೋಣೆಯ ಬೆಳಕಿಂಡಿ

ಗುಡೂರಿನ ಮಾಯವ್ವನ ಮನೆಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯಷ್ಟೇ ಇದೆ. ಬಾಣಂತಿಗೆ ಥಂಡಿ ತಾಗದಿರಲೆಂದು ಆ ಬೆಳಕಿಂಡಿಯ ಮೇಲೆ ಗಡಿಗೆ ಕವುಚಿ ಸುತ್ತ ಸಗಣಿ ಮೆತ್ತುವುದು ಮನೆಯ ರೂಢಿಯಾಗಿತ್ತು. ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಶೆಗಡಿ, ಬಾಗಿಲಿಗೆ ಕಂಬಳಿ.

ಮಾಯವ್ವ ಹುಟ್ಟಿದ್ದು ಈ ಮನೆಯಲ್ಲೇ. ಗಂಡ ಚಂದಪ್ಪ ಮನೆಅಳಿಯನಾಗಿ ಬಂದವನು. ಅವಳ ತಂಗಿ ಸಿದ್ದಲಿಂಗವ್ವ ಚೊಚ್ಚಲ ಬಾಣಂತಿಯಾಗಿದ್ದಾಗ ತೀರಿಕೊಂಡದ್ದೂ ಈ ಕೋಣೆಯಲ್ಲೇ. ಕೂಸನ್ನು ನೀರೆರೆಯಲು ಹೊರಗೆ ಒಯ್ದಿದ್ದರು. ತಾಯಿ ಮಲಗಿದ್ದಾಳೆಂದುಕೊಂಡು ಯಾರೂ ಇಣುಕಲಿಲ್ಲ. ಕಂಬಳಿ ಸರಿಸಿದಾಗ ಅವಳ ತೆರೆದ ಕಣ್ಣುಗಳು ಮಾಳಿಗೆಯನ್ನು ನೋಡುತ್ತಿದ್ದವು. ಕೂಸು ತನ್ನ ತಂದೆಯ ಊರಾದ ಬೇವೂರಿನಲ್ಲಿ ಬೆಳೆಯಿತು.

ಮುಂದೆ ಮಾಯವ್ವ ಅದೇ ಹೊರಸಿನಲ್ಲಿ ಬಾಣಂತಿಯಾಗಿ ಮಲಗಿದಾಗ, ಕಾಲದೆಸೆಯಲ್ಲಿ ತಂಗಿ ಕುಳಿತು ಕೈಯೆತ್ತಿ ಮೇಲೆ ತೋರಿಸುತ್ತಿದ್ದಳಂತೆ. ಇದನ್ನು ಕೇಳಿದ ಅವರ ತಾಯಿ, ಸತ್ತವಳು ಕೂಸಿನ ಆಸೆಗೆ ಬೆಳಕಿಂಡಿಯಿಂದ ಇಳಿದು ಬರುತ್ತಾಳೆಂದು ಬಗೆದು, ಗಡಿಗೆಯ ಸುತ್ತ ಇನ್ನಷ್ಟು ಸಗಣಿ ಮೆತ್ತಿಸಿದಳು.

ಈಗ ಮಗಳು ಲಲಿತಾ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಹೆರಿಗೆ ಇಳಕಲ್ಲಿನ ದವಾಖಾನೆಯಲ್ಲಿ, ಬಾಣಂತನ ಈ ಕೋಣೆಯಲ್ಲಿ ಎಂದು ನಿಶ್ಚಯವಾಗಿತ್ತು. ಮಾಯವ್ವ ಹಳೆಯ ಸೀರೆಗಳ ಕೌದಿ ಹೊಲಿದಳು. ಬಾಣಂತಿಯ ಉಂಡಿಗೆ ಅಂಟು, ಕೊಬ್ಬರಿ ತರಿಸಿಟ್ಟಳು. ಆಶಾ ಕಾರ್ಯಕರ್ತೆ ತಬಸುಮ ಬಂದು, ರಕ್ತ ಹೆಚ್ಚು ಹೋದರೆ ಯಾವ ಗಾಡಿ, ಹಗಲು ಬಾಣಂತಿಯ ಜೊತೆಗೆ ಯಾರು ಎಂದು ವಿಚಾರಿಸಿದಳು. ಗಾಡಿಯ ಏರ್ಪಾಡಾಗಿತ್ತು. ಆದರೆ ಹಗಲೆಲ್ಲ ಮಾಯವ್ವ ಕುರಿಗಳ ಹಿಂದಿರುತ್ತಿದ್ದಳು.

“ಕುರಿಗೋಳ್ನೂ ಇಲ್ಲೇ ಮಲಗಸವ್ವಾ. ನನ್ನಕಿಂತ ಅವುಗಳ ಬಾಣಂತನಾನ ನೀ ಚೊಲೋ ಮಾಡ್ತಿ,” ಎಂದು ಲಲಿತಾ ಚುಚ್ಚಿದಳು.

ಮಾಯವ್ವನ ಅಂಜಿಕೆ ಬೇರೆಯದಿತ್ತು. ತಂಗಿ ಈಗಲೂ ಬರುತ್ತಾಳೆಯೇ ಎಂಬುದನ್ನು ಮಗಳನ್ನು ಮಲಗಿಸುವ ಮೊದಲು ತಿಳಿಯಬೇಕಿತ್ತು. ಒಂದು ಮಧ್ಯಾಹ್ನ ಗಡಿಗೆ ಕವುಚಿಸಿ, ಕೆಂಡ ಹಾಕಿ, ಕಂಬಳಿ ಇಳಿಬಿಟ್ಟು ತಾನೇ ಹೊರಸಿನಲ್ಲಿ ಮಲಗಿದಳು.

ತಂಗಿ ಬಂದಳು. ಅವಳಿಗೆ ವಯಸ್ಸಾಗಿರಲಿಲ್ಲ, ಬಾಣಂತಿಯ ತಲೆಗೆ ಕಟ್ಟುವ ಅರಿವೆ ಇನ್ನೂ ಬಿಚ್ಚಿರಲಿಲ್ಲ. ಕೈ ಮೇಲೆದ್ದಿತು. ಈ ಸಲ ಮಾಯವ್ವ ಅವಳ ಮುಖವನ್ನು ಬಿಟ್ಟು ಬೆರಳು ತೋರಿದತ್ತ ನೋಡಿದಳು. ಅಲ್ಲಿದ್ದದ್ದು ಕವುಚಿದ ಗಡಿಗೆಯ ಕಪ್ಪು ಬಾಯಿ. ಏಳಹೋದರೆ ಕಾಲುಗಳು ಬೇರೆ ಯಾರವೋ ಎಂಬಂತೆ ಬಿದ್ದಿದ್ದವು. ಕೂಗಿದರೆ ಧ್ವನಿಯಿಲ್ಲ. ತಂಗಿ ಕೈ ಇಳಿಸಲಿಲ್ಲ.

ಚಹಾ ತಂದ ಲಲಿತಾ ಕಂಬಳಿ ಸರಿಸಿದ್ದರಿಂದ ತಾಯಿಯ ಜೀವ ಉಳಿಯಿತು. ಅಂಗಳದಲ್ಲಿ ವಾಂತಿ ಮಾಡಿಕೊಂಡ ಮಾಯವ್ವ, ಮಗಳನ್ನು ನೀರು ತರಲು ಒಳಗೆ ಕಳಿಸಿ ಚಂದಪ್ಪನಿಗೆ ಹೇಳಿದಳು: “ಆ ಗಡಿಗಿ ಒಡೀರಿ. ಕೆಂಡದ ಹೊಗಿ ಹೋಗಾಕ ದಾರಿ ಇಲ್ಲ ಅಲ್ಲಿ. ಆಕಿ ಅದನ್ನಽ ತೋರಸಾಕತ್ತಿದ್ಲು. ನಾವು ಮತ್ತಷ್ಟು ಮುಚ್ಚಿದ್ವಿ.”

ಗಡಿಗೆ ಒಡೆಯಿತು, ಶೆಗಡಿ ಹೊರಗೆ ಬಿತ್ತು. ಕುರಿಗಳು ಚಂದಪ್ಪನ ಪಾಲಿಗೆ ಬಂದವು. ಬಾಣಂತಿಯನ್ನು ಒಬ್ಬಳನ್ನೇ ಬಿಡುವುದಿಲ್ಲವೆಂದು ಮಾಯವ್ವ ತಬಸುಮಳಿಗೆ ತಾನಾಗಿಯೇ ಹೇಳಿಕಳಿಸಿದಳು.

ಲಲಿತಾ ಹೆಣ್ಣುಮಗುವನ್ನು ಹೆತ್ತು ಬಂದಳು. ಒಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ಕೌದಿಯ ಮೇಲೆ ಬಿದ್ದಿತ್ತು. ತಲೆದೆಸೆಯಲ್ಲಿ ಕುಳಿತಿದ್ದ ತಾಯಿಯನ್ನು ಅವಳು ಮೆಲ್ಲಗೆ ಕೇಳಿದಳು:

“ಅವ್ವಾ, ಕಾಲಕಡಿ ಕುಂತಾಕಿ ಯಾರು?”

ಸತ್ತ ಚಿಗವ್ವ ಕಾಣಿಸಿಕೊಳ್ಳುತ್ತಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಯವ್ವ ಅತ್ತ ನೋಡಿದಳು. ಅವಳಿಗೆ ಕಂಡದ್ದು ಕೌದಿಯಷ್ಟೇ. ಅದರ ಅಂಚು ಯಾರೋ ಕುಳಿತಂತೆ ತಗ್ಗಿತ್ತು.

“ಕೈ ಎತ್ಯಾಳೇನು?”

“ಇಲ್ಲ. ಉಡ್ಯಾಗ ಇಟ್ಕೊಂಡಾಳ.”

“ಹಂಗಾದ್ರ ಕುಂದ್ರಲಿ ಬಿಡು,” ಎಂದಳು ಮಾಯವ್ವ.